ಚರ್ಚು ಚರ್ಚಿನಂತೆಯೇ ಇರಬೇಕೆ?

ಮೈಸೂರಿಗೆ ಹೋದ ಪ್ರವಾಸಿಗರು ಅರಮನೆ ನೋಡಿದ ಮೇಲೆ ತಪ್ಪದೆ ಹೋಗುವ ಸ್ಥಳಗಳಲ್ಲಿ ಸಂತ ಫಿಲೋಮಿನಾ ಚರ್ಚು ಒಂದು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಶಂಕುಸ್ಥಾಪನೆ ಮಾಡಿದರು. ಜರ್ಮನಿಯ ಕಲೋನ್ ನಗರದ ಪ್ರಾಚೀನ ಕೆಥೆಡ್ರಲ್ ಅದಕ್ಕೆ ಮಾದರಿ. ಮುಗಿಲಿಗೆ ಚಾಚಿದ ಅವಳಿ ಗೋಪುರಗಳು, ಚೂಪು ಕಮಾನುಗಳು, ಬಣ್ಣದ ಗಾಜಿನ ಕಿಟಕಿಗಳು ಇವೆಲ್ಲ ಕೂಡಿದರೆ ಚರ್ಚು ಎಂಬ ಕಲ್ಪನೆ ನಮ್ಮ ಮನಸ್ಸಿನಲ್ಲಿ ಪೂರ್ಣವಾಗುತ್ತದೆ. ಅದನ್ನು ಮೆಚ್ಚಲು ಯಾರಿಗೂ ಪಾಠ ಹೇಳಿಕೊಡಬೇಕಿಲ್ಲ.

ಅದಕ್ಕೆ ಎರಡು ವರ್ಷ ಮೊದಲೇ, 1931ರಲ್ಲಿ, ದೆಹಲಿಯ ದಂಡು ಪ್ರದೇಶದಲ್ಲಿ ಇನ್ನೊಂದು ಚರ್ಚು ಪ್ರತಿಷ್ಠಾಪನೆಗೊಂಡಿತ್ತು. ಅದು ಸೈನಿಕರಿಗಾಗಿ ಕಟ್ಟಿದ ಸೇಂಟ್ ಮಾರ್ಟಿನ್ ಚರ್ಚು. ಹೊಸದೆಹಲಿಯ ನಿರ್ಮಾಣದಲ್ಲಿ ಲುಟಿಯೆನ್ಸ್ ಅವರ ಪ್ರತಿನಿಧಿಯಾಗಿದ್ದ ಆರ್ಥರ್ ಶೂಸ್ಮಿತ್ ಅದರ ವಾಸ್ತುಶಿಲ್ಪಿ. ಸುಮಾರು 35 ಲಕ್ಷ ಇಟ್ಟಿಗೆಗಳಿಂದ ಮೇಲೆದ್ದ ಈ ಕಟ್ಟಡದಲ್ಲಿ ಅಲಂಕಾರವೆಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯುವ ದಪ್ಪ ಗೋಡೆಗಳು, ಚೌಕಾಕಾರದ ಗೋಪುರ, ಬಿಸಿಲನ್ನು ಒಳಗೆ ಬಿಡದ ಕಿರಿದಾದ ತೆರವುಗಳು, ಇಷ್ಟೇ. ದೂರದಿಂದ ನೋಡಿದವರಿಗೆ ಅದು ಕೋಟೆಯೋ ಉಗ್ರಾಣವೋ ಎಂಬ ಅನುಮಾನ ಬಂದರೆ ಆಶ್ಚರ್ಯವಿಲ್ಲ.

ಈ ಎರಡು ಕಟ್ಟಡಗಳು ಪಡೆದ ಸ್ವಾಗತ ಬೇರೆ ಬೇರೆ. ಮೈಸೂರಿನದು ಮೊದಲ ದಿನದಿಂದಲೂ ಜನಪ್ರಿಯ. ದೆಹಲಿಯದು ಸ್ವಾತಂತ್ರ್ಯಾನಂತರ ಬ್ರಿಟಿಷ್ ಸೈನಿಕರು ಹೊರಟುಹೋದ ಮೇಲೆ ದಶಕಗಳ ಕಾಲ ಅಲಕ್ಷ್ಯಕ್ಕೆ ಗುರಿಯಾಯಿತು. ಎಪ್ಪತ್ತರ ದಶಕದಲ್ಲಿ ಗ್ಯಾವಿನ್ ಸ್ಟ್ಯಾಂಪ್ ಅವರಂತಹ ವಾಸ್ತು ಇತಿಹಾಸಕಾರರು ಬರೆಯತೊಡಗಿದ ಮೇಲೆಯೇ ಅದು ಮತ್ತೆ ಗಣನೆಗೆ ಬಂದದ್ದು. ಇಂದು ಇಪ್ಪತ್ತನೆಯ ಶತಮಾನದ ಚರ್ಚು ವಾಸ್ತುಶಿಲ್ಪದ ಪ್ರಮುಖ ಕೃತಿಗಳ ಸಾಲಿನಲ್ಲಿ ಅದರ ಹೆಸರಿದೆ, ಪ್ರಾರ್ಥನೆಯೂ ನಡೆಯುತ್ತಿದೆ. ಕಟ್ಟಡ ಬದಲಾಗಲಿಲ್ಲ, ನೋಡುವ ಕಣ್ಣು ಬದಲಾಯಿತು. ಈ ನಡುವಿನ ನಲವತ್ತೈವತ್ತು ವರ್ಷಗಳಲ್ಲಿ ಯಾರಾದರೂ ಅದನ್ನು ಕೆಡವಿದ್ದರೆ ಹೆಚ್ಚು ಜನ ಅಳುತ್ತಿರಲಿಲ್ಲ ಎಂಬುದೇ ಇಲ್ಲಿ ಯೋಚಿಸಬೇಕಾದ ವಿಷಯ.

ವಿದೇಶಗಳ ಅನುಭವವೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. 1940ರ ನವೆಂಬರ್‌ನಲ್ಲಿ ಜರ್ಮನ್ ಬಾಂಬುಗಳಿಗೆ ಆಹುತಿಯಾದ ಇಂಗ್ಲೆಂಡಿನ ಕೊವೆಂಟ್ರಿ ಕೆಥೆಡ್ರಲ್ಲಿನ ಜಾಗದಲ್ಲಿ ಹೊಸದನ್ನು ಕಟ್ಟುವ ಸ್ಪರ್ಧೆಯನ್ನು 1951ರಲ್ಲಿ ಬೇಸಿಲ್ ಸ್ಪೆನ್ಸ್ ಗೆದ್ದರು. ಹಳೆಯ ಕಟ್ಟಡದ ಅವಶೇಷವನ್ನು ಹಾಗೆಯೇ ಉಳಿಸಿಕೊಂಡು ಪಕ್ಕದಲ್ಲಿ ಹೊಸ ಶೈಲಿಯ ಕಟ್ಟಡವನ್ನು ನಿಲ್ಲಿಸುವುದು ಅವರ ಯೋಜನೆ. ವಿನ್ಯಾಸ ಪ್ರಕಟವಾದೊಡನೆ ಅವರಿಗೆ ಬಂದ ನೂರಾರು ಪತ್ರಗಳಲ್ಲಿ ಬಹುಪಾಲು ನಿಂದನೆಯವು. ಸಾಂಪ್ರದಾಯಿಕರಿಗೆ ಅದು ಚರ್ಚಿನಂತೆ ಕಾಣಲಿಲ್ಲ. ಕಟ್ಟಾ ಆಧುನಿಕ ವಿಮರ್ಶಕರಿಗೆ ಅದು ಸಾಕಷ್ಟು ಆಧುನಿಕವೆನಿಸಲಿಲ್ಲ. 1962ರಲ್ಲಿ ಅದು ಬಾಗಿಲು ತೆರೆಯಿತು. 1988ರಲ್ಲಿ ಅತ್ಯುನ್ನತ ದರ್ಜೆಯ ಸಂರಕ್ಷಿತ ಕಟ್ಟಡವೆಂದು ಘೋಷಣೆಯಾಯಿತು. 1999ರಲ್ಲಿ ನಡೆದ ಮತದಾನದಲ್ಲಿ ಬ್ರಿಟನ್ನಿನ ಜನರೇ ಅದನ್ನು ಇಪ್ಪತ್ತನೆಯ ಶತಮಾನದ ತಮ್ಮ ಅಚ್ಚುಮೆಚ್ಚಿನ ಕಟ್ಟಡವೆಂದು ಆರಿಸಿದರು. ಚಂಡೀಗಢದ ಶಿಲ್ಪಿಯೆಂದು ನಮಗೆ ಪರಿಚಿತರಾದ ಲೆ ಕಾರ್ಬುಸಿಯೆ ಫ್ರಾನ್ಸಿನ ರೋನ್‌ಶಾಂಪ್‌ನಲ್ಲಿ 1955ರಲ್ಲಿ ಮುಗಿಸಿದ ಪ್ರಾರ್ಥನಾ ಮಂದಿರದ ಕಥೆಯೂ ಇಂಥದ್ದೇ. ಮರುವರ್ಷವೇ ಜೇಮ್ಸ್ ಸ್ಟರ್ಲಿಂಗ್ ಎಂಬ ಯುವ ವಾಸ್ತುಶಿಲ್ಪಿ, ವೈಚಾರಿಕ ವಾಸ್ತುವಿನ ಬಿಕ್ಕಟ್ಟಿಗೆ ಅದನ್ನು ಉದಾಹರಣೆಯಾಗಿ ತೋರಿಸಿ ಲೇಖನ ಬರೆದರು. 2016ರಲ್ಲಿ ಅದೇ ಮಂದಿರ, ಚಂಡೀಗಢದ ಕ್ಯಾಪಿಟಲ್ ಸಂಕೀರ್ಣದ ಜೊತೆಗೆ, ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತು.

ಕನ್ನಡಿಗರಿಗೆ ಈ ಬದಲಾವಣೆ ಅರ್ಥವಾಗದ ಸಂಗತಿಯೇನಲ್ಲ. ನವ್ಯಕಾವ್ಯ ಬಂದಾಗ ‘ಇದೂ ಒಂದು ಕಾವ್ಯವೇ’ ಎಂದು ಮೂಗುಮುರಿದವರು ಕಡಿಮೆಯಿರಲಿಲ್ಲ. ಅವರ ಮಕ್ಕಳು ಕಾಲೇಜಿನಲ್ಲಿ ಅಡಿಗರನ್ನು ಪಠ್ಯವಾಗಿ ಓದಿದರು. ಆದರೆ ಕವಿತೆಗೂ ಕಟ್ಟಡಕ್ಕೂ ಒಂದು ವ್ಯತ್ಯಾಸವಿದೆ. ಓದುಗರಿಗೆ ಒಪ್ಪಿಗೆಯಾಗದ ಪುಸ್ತಕ ಗ್ರಂಥಾಲಯದ ಕಪಾಟಿನಲ್ಲಿ ಐವತ್ತು ವರ್ಷ ಕಾಯಬಲ್ಲದು. ಬೆಲೆಬಾಳುವ ನೆಲದ ಮೇಲೆ ನಿಂತ ಕಟ್ಟಡಕ್ಕೆ ಆ ಭಾಗ್ಯವಿಲ್ಲ. ಮರುವಿಮರ್ಶೆಯ ಕಾಲ ಬರುವ ಮೊದಲೇ ಗುತ್ತಿಗೆದಾರನ ಯಂತ್ರ ಬಂದಿರುತ್ತದೆ.

ಹಾಗೆಂದು ಜನರ ಮೊದಲ ಅಸಮಾಧಾನವೆಲ್ಲ ಅಜ್ಞಾನವೆಂದು ತಳ್ಳಿಹಾಕುವುದೂ ಸರಿಯಲ್ಲ. ಲಿವರ್‌ಪೂಲಿನ ಕ್ಯಾಥೊಲಿಕ್ ಕೆಥೆಡ್ರಲ್ ಇದಕ್ಕೆ ಸಾಕ್ಷಿ. ಅಲ್ಲಿ ಲುಟಿಯೆನ್ಸ್ ರೂಪಿಸಿದ್ದ ಭಾರೀ ಯೋಜನೆಯನ್ನು ಹಣದ ಕೊರತೆಯಿಂದ ಕೈಬಿಡಲಾಯಿತು, ನೆಲಮಾಳಿಗೆಯಷ್ಟೇ ಮುಗಿದಿತ್ತು. ಬಳಿಕ ಫ್ರೆಡರಿಕ್ ಗಿಬರ್ಡ್ ಅವರ ವಿನ್ಯಾಸದಂತೆ ವೃತ್ತಾಕಾರದ ಹೊಸ ಕಟ್ಟಡ ಐದೇ ವರ್ಷಗಳಲ್ಲಿ, 1967ರ ಹೊತ್ತಿಗೆ, ಸಿದ್ಧವಾಯಿತು. ಊರಿನವರು ಅದಕ್ಕೆ ಡೇರೆಯೆಂಬ ಅರ್ಥದ ಅಡ್ಡಹೆಸರಿಟ್ಟು ನಕ್ಕರು. ನಗೆಯೇನೋ ಕ್ರಮೇಣ ಅಕ್ಕರೆಯಾಯಿತು. ಆದರೆ ಛಾವಣಿ ಸೋರತೊಡಗಿತು, ಗೋಪುರದ ಮೊಸಾಯಿಕ್ ಹಲ್ಲೆಗಳು ಕಳಚಿದವು, ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಅಗ್ಗವಾಗಿ ಬೇಗ ಕಟ್ಟಿದ್ದರ ಬೆಲೆಯನ್ನು ಮುಂದಿನ ಪೀಳಿಗೆ ತೆರಬೇಕಾಯಿತು. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ನಿರ್ಮಾಣದ ಅಂದಾಜುಪಟ್ಟಿಯಲ್ಲಿ ಕಾಣದ ನಿರ್ವಹಣಾ ವೆಚ್ಚವು ಭವಿಷ್ಯದವರ ತಲೆಯ ಮೇಲೆ ಹೊರಿಸಿದ ಸಾಲ. ನಮ್ಮ ಬಿಸಿಲು ಮಳೆಗಳಲ್ಲಿ ಕಾಂಕ್ರೀಟಿನ ಚಪ್ಪಟೆ ತಾರಸಿಯ ಕೆಳಗೆ ಕುಳಿತು ಬೆವರಿದ ಭಕ್ತನ ದೂರನ್ನು ಯಾವ ಸೌಂದರ್ಯಶಾಸ್ತ್ರವೂ ಅಲ್ಲಗಳೆಯಲಾರದು. ‘ಇದು ನನಗೆ ಪರಿಚಿತವಾಗಿಲ್ಲ’ ಎಂಬ ದೂರು ಕಾಲ ಕಳೆದಂತೆ ಕರಗುತ್ತದೆ. ‘ಇದು ಸೋರುತ್ತದೆ’ ಎಂಬುದು ಕರಗುವುದಿಲ್ಲ. ಈ ಎರಡನ್ನೂ ಬೇರ್ಪಡಿಸಿ ನೋಡುವುದೇ ವಿವೇಕ.

ಕರ್ನಾಟಕದಲ್ಲಿ ಈ ಚರ್ಚೆ ಇನ್ನೊಂದು ರೂಪವನ್ನೂ ತಾಳಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ತರುವಾಯ ಕ್ಯಾಥೊಲಿಕ್ ಆರಾಧನೆ ಆಯಾ ದೇಶದ ಭಾಷೆಗೆ, ಸಂಸ್ಕೃತಿಗೆ ತೆರೆದುಕೊಂಡಿತು. ಭಕ್ತರಿಗೆ ಬೆನ್ನು ಹಾಕಿ ಪೂಜೆ ಸಲ್ಲಿಸುತ್ತಿದ್ದ ಪಾದ್ರಿ ಅವರತ್ತ ಮುಖ ಮಾಡಿ ನಿಂತರು. ಉದ್ದನೆಯ ಹಜಾರ, ದೂರದ ಪೀಠ ಎಂಬ ಹಳೆಯ ವಿನ್ಯಾಸಕ್ಕೆ ಇದ್ದ ಕಾರಣವೇ ಸಡಿಲವಾಯಿತು. ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪನೆಯಾದ, ಡಿ.ಎಸ್. ಅಮಲೋರ್‌ಪವದಾಸ್ ಅವರು ಮುನ್ನಡೆಸಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಹಾಗೂ ಆರಾಧನಾ ಕೇಂದ್ರದ ಪ್ರಾರ್ಥನಾ ಮಂದಿರ ನಮ್ಮ ದೇಗುಲಗಳ ವಿನ್ಯಾಸದಿಂದ ಪ್ರೇರಣೆ ಪಡೆಯಿತು. ಮೆಚ್ಚುಗೆಯ ಜೊತೆಗೆ ತೀವ್ರ ವಿರೋಧವೂ ಬಂತು. ಕ್ಯಾಥೊಲಿಕರಲ್ಲಿ ಒಂದು ವರ್ಗ ಇಂತಹ ಪ್ರಯೋಗಗಳು ಧರ್ಮವನ್ನು ಕಲಬೆರಕೆ ಮಾಡುತ್ತವೆ ಎಂದಿತು. ಹಿಂದೂ ಲೇಖಕರಲ್ಲಿ ಕೆಲವರು ತಮ್ಮ ಸಂಕೇತಗಳನ್ನು ಎರವಲು ಪಡೆಯಲಾಗುತ್ತಿದೆ ಎಂದು ಆಕ್ಷೇಪಿಸಿದರು. ಗಮನಿಸಬೇಕಾದ ವಿಚಾರವೆಂದರೆ ಜರ್ಮನಿಯ ಮಾದರಿಯನ್ನು ತಂದಾಗ ಯಾರಿಗೂ ಪರಕೀಯವೆನಿಸಲಿಲ್ಲ. ನಮ್ಮದೇ ಮಾದರಿಯನ್ನು ಬಳಸಿದಾಗ ಪರಕೀಯವೆನಿಸಿತು. ರೂಢಿಯ ಬಲ ಅಷ್ಟು ದೊಡ್ಡದು.

ಈ ರೂಢಿ ಹೇಗೆ ಬೇರೂರುತ್ತದೆ ಎಂಬುದನ್ನು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಕಾಣಬಹುದು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆ ಆರಂಭಿಸಿದಾಗ ಕಾರ್ನ್‌ವಾಲಿನ ಗಣಿಗಾರರು ಬಂದರು, ಇಟಲಿಯವರು ಬಂದರು, ಉತ್ತರ ಆರ್ಕಾಟಿನ ಕಡೆಯಿಂದ ಸಾವಿರಾರು ತಮಿಳು ಕೂಲಿಕಾರರು ಬಂದರು. ಊರುಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳ ಆಸುಪಾಸಿನಲ್ಲಿ ಅವರವರ ಪಂಥದ ಚರ್ಚುಗಳು ತಲೆಯೆತ್ತಿದವು. ಯಜಮಾನರ ನಾಡಿನ ಉಡುಪು ತೊಟ್ಟು ಬಂದ ಕಟ್ಟಡಗಳು ಕೂಲಿಕಾರರ ಮದುವೆ, ನಾಮಕರಣ, ಶವಸಂಸ್ಕಾರಗಳ ಮೂಲಕ ಅವರವೇ ಆದವು. ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆ ಜನರ ಬಾಯಲ್ಲಿ ಬಂಗಾರಪೇಟೆಯಾದ ಹಾಗೆ. ಕಟ್ಟಡವನ್ನು ನಮ್ಮದಾಗಿಸುವುದು ಶೈಲಿಯಲ್ಲ, ಬಳಕೆ. ಆಧುನಿಕ ಶೈಲಿಯ ಕಟ್ಟಡವೂ ಎರಡು ತಲೆಮಾರು ಬಳಕೆಯಲ್ಲಿ ಉಳಿದರೆ ಅದೇ ರೀತಿ ನಮ್ಮದಾಗುತ್ತದೆ.

ಗಣಿಪ್ರದೇಶದಲ್ಲಿ ಅಲಂಕಾರವಿಲ್ಲದ ಆಧುನಿಕ ರಚನೆಗಳೆಂದರೆ ಗಣಿಬಾವಿಗಳ ಮೇಲಿನ ಉಕ್ಕಿನ ಗೋಪುರಗಳು. ಉಪಯೋಗವೊಂದೇ ಅವುಗಳ ಆಕಾರವನ್ನು ನಿರ್ಧರಿಸಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಕಾರ್ಮಿಕರ ಜೀವ ಈ ವ್ಯವಸ್ಥೆಯ ಹಗ್ಗಕ್ಕೆ ತೂಗಿಕೊಂಡಿತ್ತು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜರ್ಮನಿಯ ಎಸ್ಸೆನ್ ನಗರದ ಜೋಲ್‌ಫೆರೈನ್ ಕಲ್ಲಿದ್ದಲು ಗಣಿ, 1932ರ ತನ್ನ ಆಧುನಿಕ ಕಟ್ಟಡಗಳು ಮತ್ತು ಉಕ್ಕಿನ ಗೋಪುರದ ಸಮೇತ, ವಿಶ್ವ ಪರಂಪರೆಯ ತಾಣವಾಯಿತು. ಆ ಗಣಿಯೂ 1986ರಲ್ಲಿಯೇ ಮುಚ್ಚಿತ್ತು. ಒಂದು ದೇಶಕ್ಕೆ ಪರಂಪರೆಯಾಗಿ ಕಂಡದ್ದು ಇನ್ನೊಂದು ದೇಶಕ್ಕೆ ಗುಜರಿಯಾಗಿ ಕಂಡಿತು. ಹೊರಗಿನವರು ಇತ್ತೀಚೆಗೆ ಈ ನೆಲವನ್ನು ನೆನೆದದ್ದು 2018 ಮತ್ತು 2022ರ ಎರಡು ಚಲನಚಿತ್ರಗಳಿಂದಾಗಿ. ಅವುಗಳಲ್ಲಿ ಕಂಡದ್ದು ಕಲ್ಪನೆಯ ಲೋಕ.

ಕಾನೂನು ಇಲ್ಲಿ ನೆರವಿಗೆ ಬರುವುದಿಲ್ಲ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಾಗಲಿ, ರಾಜ್ಯದ 1961ರ ಕಾಯ್ದೆಯಾಗಲಿ ಸ್ಮಾರಕವೆಂದು ಗುರುತಿಸುವುದು ಕನಿಷ್ಠ ನೂರು ವರ್ಷ ಕಳೆದುದನ್ನು. ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಲ್ ಮತ್ತು ಇಂಜಿನಿಯರ್ ಮಹೇಂದ್ರ ರಾಜ್ 1972ರಲ್ಲಿ ಕಟ್ಟಿದ್ದ ಹಾಲ್ ಆಫ್ ನೇಷನ್ಸ್ 2017ರ ಏಪ್ರಿಲ್‌ನಲ್ಲಿ ನೆಲಸಮವಾದಾಗ ಜಗತ್ತಿನ ವಾಸ್ತುಶಿಲ್ಪಿಗಳು ಪ್ರತಿಭಟಿಸಿದ್ದರು. ಅರವತ್ತು ವರ್ಷ ತುಂಬದ ಕಟ್ಟಡವನ್ನು ಪರಂಪರೆಯೆಂದು ಪರಿಗಣಿಸಲಾಗದು ಎಂಬುದು ಅಲ್ಲಿನ ಸಮಿತಿ ನೀಡಿದ ಉತ್ತರ. ಒಂದು ಕಟ್ಟಡಕ್ಕೆ ಅತ್ಯಂತ ಅಪಾಯದ ಕಾಲ ಮೂವತ್ತರಿಂದ ಎಪ್ಪತ್ತು ವರ್ಷಗಳ ನಡುವಿನದು. ಆಗ ಅದು ಹೊಸದಾಗಿಯೂ ಉಳಿದಿರುವುದಿಲ್ಲ, ಹಳತೆಂಬ ಗೌರವವೂ ದೊರೆತಿರುವುದಿಲ್ಲ. ಸರ್ಕಾರಿ ಸೇವೆಯಲ್ಲಿದ್ದವರಿಗೆಲ್ಲ ತಿಳಿದಿರುವಂತೆ, ರಿಪೇರಿಗೆ ಅನುದಾನ ಸಿಗದೆ ಹತ್ತು ವರ್ಷ ಬಿಟ್ಟ ಕಟ್ಟಡಕ್ಕೆ ಹನ್ನೊಂದನೆಯ ವರ್ಷ ‘ಶಿಥಿಲ’ ಎಂಬ ಪ್ರಮಾಣಪತ್ರ ಸುಲಭವಾಗಿ ಸಿಗುತ್ತದೆ. ನಮ್ಮ ಕಾಯ್ದೆಗಳು ಆ ಕಾಲವನ್ನು ಹಾಗೂಹೀಗೂ ದಾಟಿ ಬಂದವನ್ನು ಮಾತ್ರ ಸನ್ಮಾನಿಸುತ್ತವೆ.

ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮೂವತ್ತು ವರ್ಷ ಕಳೆದ ಕಟ್ಟಡವನ್ನು ರಕ್ಷಣೆಗೆ ಪರಿಶೀಲಿಸುತ್ತಾರೆ. ನಮ್ಮ ರಾಜ್ಯ ಅಷ್ಟು ದೂರ ಹೋಗಬೇಕಿಲ್ಲ. ಐವತ್ತು ವರ್ಷ ತುಂಬಿದ ಸಾರ್ವಜನಿಕ ಮಹತ್ವದ ಕಟ್ಟಡಗಳ ಒಂದು ಪಟ್ಟಿಯನ್ನು ಜಿಲ್ಲಾವಾರು ಸಿದ್ಧಪಡಿಸಲಿ. ಪಟ್ಟಿಯಲ್ಲಿರುವುದನ್ನು ಎಂದಿಗೂ ಮುಟ್ಟಬಾರದೆಂದಲ್ಲ; ಕೆಡವುವ ಮೊದಲು ಆರು ತಿಂಗಳ ಬಹಿರಂಗ ವಿಚಾರಣೆ ನಡೆಯಲಿ, ಅದನ್ನು ಬಳಸುವವರ ಮಾತು ಮತ್ತು ಬಲ್ಲವರ ಮಾತು ಎರಡೂ ದಾಖಲಾಗಲಿ. ಪ್ರಾರ್ಥನಾ ಮಂದಿರಗಳ ವಿಷಯದಲ್ಲಿ ಸಭೆಯ ಅಗತ್ಯಗಳಿಗೆ ಮೊದಲ ಆದ್ಯತೆ ಇರಲಿ. ಚರ್ಚು ಇರುವುದು ಪ್ರಾರ್ಥನೆಗೆ, ವಾಸ್ತುಶಾಸ್ತ್ರದ ವಿದ್ಯಾರ್ಥಿಗಳ ಪ್ರವಾಸಕ್ಕಲ್ಲ. ಸೋರುವ ತಾರಸಿಗೆ ಹೊಸ ಹೊದಿಕೆ, ಸೆಕೆಗೆ ಗಾಳಿಯ ದಾರಿ, ವೃದ್ಧರಿಗೆ ಇಳಿಜಾರು ಇವನ್ನೆಲ್ಲ ಸೇರಿಸಲು ಅನುಮತಿ ಸುಲಭವಾಗಿರಲಿ. ಇದರ ಖರ್ಚು ಒಂದು ಹೊಸ ಮೇಲ್ಸೇತುವೆಯ ವೆಚ್ಚದ ಮುಂದೆ ಎಣಿಕೆಗೆ ಬಾರದಷ್ಟು.

ಕೋಲಾರ ಚಿನ್ನದ ಗಣಿಗೆ ಈ ಮಾತು ಇಂದು ತುರ್ತಿನದು. ಅಲ್ಲಿನ ಸಯನೈಡ್ ದಿಬ್ಬಗಳಿಂದ ಅಳಿದುಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಉದ್ಯೋಗಕ್ಕಾಗಿ ದಿನವೂ ನಸುಕಿನಲ್ಲಿ ಬೆಂಗಳೂರಿನ ರೈಲು ಹತ್ತುವ ಅಲ್ಲಿನ ಜನಕ್ಕೆ ಹೊಸ ದುಡಿಮೆ ಬೇಕೇ ಬೇಕು. ಅದನ್ನು ಬೇಡವೆನ್ನುವ ಹಕ್ಕು ಬೆಂಗಳೂರಿನಲ್ಲಿ ಕುಳಿತ ನಮಗಿಲ್ಲ. ಆದರೆ ಹಣ ಮರಳಿ ಬರುವ ಊರಿನಲ್ಲಿ ಹಳೆಯ ಕಟ್ಟಡಗಳು ಮೊದಲು ಬಲಿಯಾಗುವುದು ಲೋಕಾನುಭವ. ಟೆಂಡರು ಕರೆಯುವ ಮುನ್ನ ಗಣಿಪ್ರದೇಶದ ಚರ್ಚು, ದೇವಸ್ಥಾನ, ಮಸೀದಿ, ಆಸ್ಪತ್ರೆ, ಕಾರ್ಮಿಕರ ಸಾಲುಮನೆ, ಉಳಿದಿರುವ ಉಕ್ಕಿನ ಗೋಪುರ ಎಲ್ಲವನ್ನೂ ಒಳಗೊಂಡ ಒಂದು ಸಮೀಕ್ಷೆ ನಡೆಯಬೇಕು. ಚೆಲುವೋ ಕುರೂಪವೋ ಎಂಬ ತೀರ್ಪನ್ನು ಸಮೀಕ್ಷೆಯವರು ಕೊಡುವುದು ಬೇಡ. ಸೇಂಟ್ ಮಾರ್ಟಿನ್ ಚರ್ಚಿನ ಬಗ್ಗೆ ಆ ತೀರ್ಪು ಬರಲು ನಲವತ್ತೈದು ವರ್ಷ ಹಿಡಿಯಿತು. ಕೊವೆಂಟ್ರಿಯ ಜನರಿಗೆ ಮೂವತ್ತೇಳು. ನಮ್ಮವರಿಗೂ ಅಷ್ಟು ಕಾಲಾವಕಾಶ ಕೊಡುವುದು ದುಬಾರಿಯ ಬೇಡಿಕೆಯೇನಲ್ಲ.