ಒಂದೇ ಒಲೆ ಸಾಕು, ಹೊಗೆಡಬ್ಬ ಬೇಡ

ನಮ್ಮ ಬೇರಿಕೆಯಲ್ಲಿ ಅಂಗಡಿಗೆ ಹೋಗಿ "ಕರಿ ಬೇಕು" ಅಂದರೆ ಅಂಗಡಿಯವನು ಒಂದು ಗಳಿಗೆ ಮುಖ ನೋಡುತ್ತಾನೆ. ತಮಿಳಿನಲ್ಲಿ ಇದ್ದಿಲೂ ಕರಿ, ಬಾಡೂ ಕರಿ. ಬರೆಯುವಾಗ ಅಕ್ಷರ ಬೇರೆ. ಕನ್ನಡದಲ್ಲಿ ಬಿದ್ದುಹೋದ ಶಕಟರೇಫ ಅವರಲ್ಲಿ ಇನ್ನೂ ಉಳಿದಿದೆ. ಕಿವಿಗೆ ಮಾತ್ರ ಎರಡೂ ಹೆಚ್ಚುಕಡಿಮೆ ಒಂದೇ. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಬಾಯಲ್ಲಿ ಆಡುವ ಗಡಿಯವರು ನಾವು, "ಸುಡೋ ಕರಿನೋ, ತಿನ್ನೋ ಕರಿನೋ" ಅಂತ ಕೇಳಿ ಬಗೆಹರಿಸಿಕೊಳ್ಳುತ್ತೇವೆ. ಈ ವರ್ಷ ನಮ್ಮ ಮನೆಯಲ್ಲಿ ಎರಡು ಕರಿಯೂ ಸೇರಿ ಒಂದು ಜಗಳವನ್ನೇ ತಂದಿಟ್ಟವು. ಇದು ಬರೀ ನಮ್ಮ ಮನೆಯ ಮಾತಲ್ಲ, ರಸ್ತೆ ಬದಿ ಅಂಗಡಿ ಇಟ್ಟವರೆಲ್ಲರದ್ದೂ ಹೌದು ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗ ಹಗಲು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸಗಾರ. ಸಂಜೆ ಬಾಗಲೂರು ರಸ್ತೆ ಬದಿಯಲ್ಲಿ ಕಬಾಬ್ ಅಂಗಡಿ. ಎರಡಡಿ ಉದ್ದದ ತಗಡಿನ ಒಲೆ, ಮೇಲೆ ಕಬ್ಬಿಣದ ಜಾಲರಿ, ಅಷ್ಟೇ ಬಂಡವಾಳ. ಶನಿವಾರ, ಭಾನುವಾರ ಜನ ಕಾದು ಕಾದು ಬೇಸತ್ತು ಹೊರಟುಹೋಗುತ್ತಾರೆ. ಅಕ್ಕ ಗುಲಾಬಿ ತೋಟಗಳಲ್ಲಿ ಹೂ ಬಿಡಿಸಿ, ಕೂಲಿ ದುಡ್ಡಲ್ಲಿ ಕಟ್ಟಿದ ಚೀಟಿ ಎತ್ತಿದಳು. ಕೈಗೆ ಬಂದದ್ದು 60 ಸಾವಿರ. ಅದರಲ್ಲಿ ಹಳೇ ಒಲೆಯ ಬದಲು ದೊಡ್ಡ ಇದ್ದಿಲ ಗ್ರಿಲ್ ಮಾಡಿಸಬೇಕೋ, ಇಲ್ಲಾ ಮಾಂಸವನ್ನು ಹೊಗೆಯಲ್ಲೇ ಬೇಯಿಸುವ ಸ್ಮೋಕರ್ ತರಿಸಬೇಕೋ ಎಂಬುದೇ ಜಗಳ.

"ಮಾವಾ, ಗ್ರಿಲ್ಲು ಎಲ್ಲರ ಹತ್ರಾನೂ ಐತೆ. ಸ್ಮೋಕರ್ ಈ ಕಡೆ ಯಾರ ಹತ್ರಾನೂ ಇಲ್ಲ. ಬೆಂಗಳೂರಿನೋರು ಕಾರ್ ಹಾಕ್ಕೊಂಡು ಹುಡುಕ್ಕೊಂಡು ಬರ್ತಾರೆ ನೋಡು" ಅಂದ ಅಳಿಯ. ಅವನ ಆಸೆಯಲ್ಲಿ ತಪ್ಪೇನಿಲ್ಲ. ಹೊಸೂರಿಗೆ ವಿಮಾನ ನಿಲ್ದಾಣ ತರುತ್ತೇವೆ ಎಂದು ತಮಿಳುನಾಡು ಸರ್ಕಾರ 2024ರಲ್ಲಿ ಘೋಷಿಸಿದ ಮೇಲೆ ನಮ್ಮ ಕಡೆ ಟೀ ಅಂಗಡಿಯವನೂ ದೊಡ್ಡ ಲೆಕ್ಕ ಹಾಕುತ್ತಿದ್ದಾನೆ. ಆದರೆ ಲೆಕ್ಕ ಪೂರ್ತಿ ಹಾಕಬೇಕಲ್ಲ?

ಮೊದಲು ಎರಡರ ಕೆಲಸ ಏನು ನೋಡೋಣ. ಗ್ರಿಲ್ಲಿನಲ್ಲಿ ಮಾಂಸ ಕೆಂಡದ ನೇರ ಮೇಲೆ. ಕಾವು 200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸಣ್ಣ ತುಂಡು ಹತ್ತು ಹದಿನೈದು ನಿಮಿಷಕ್ಕೆ ಸಿದ್ಧ. ಸ್ಮೋಕರಿನಲ್ಲಿ ಬೆಂಕಿ ಒಂದು ಕಡೆ, ಮಾಂಸ ಇನ್ನೊಂದು ಕಡೆ. ಮುಚ್ಚಿದ ಪೆಟ್ಟಿಗೆಯಲ್ಲಿ ಕಾವು 105ರಿಂದ 135 ಡಿಗ್ರಿ. ಗಂಟೆಗಟ್ಟಲೆ ಹೊಗೆ ಹಾಯುತ್ತಾ ಗಟ್ಟಿ ಮಾಂಸದ ನಾರು ನಿಧಾನವಾಗಿ ಕರಗಿ ಮೆತ್ತಗಾಗುತ್ತದೆ. ಅಮೆರಿಕದ ಟೆಕ್ಸಾಸ್ ಕಡೆ ದನದ ಎದೆಮಾಂಸವನ್ನು ಹೀಗೆ ಹತ್ತು ಹನ್ನೆರಡು ಗಂಟೆ ಬೇಯಿಸುತ್ತಾರೆ. ರುಚಿಯಲ್ಲಿ ಅದಕ್ಕೆ ಅದೇ ಸಾಟಿ, ಒಪ್ಪೋಣ.

ಆದರೆ ಅಲ್ಲಿನ ಪ್ರಾಣಿ ಬೇರೆ, ನಮ್ಮದು ಬೇರೆ. ಸ್ಮೋಕರಿಗೆ ಒಪ್ಪುವುದು ಐದಾರು ಕಿಲೋ ತೂಗುವ, ಕೊಬ್ಬು ತುಂಬಿದ ದಪ್ಪ ತುಂಡು. ನಮ್ಮ ಗಿರಾಕಿ ತಿನ್ನುವುದು ಕೋಳಿ, ಕುರಿ, ಮೇಕೆ. ನಾಟಿ ಮೇಕೆಯ ತೊಡೆಯನ್ನು ಹತ್ತು ಗಂಟೆ ಹೊಗೆಗಿಟ್ಟರೆ ಒಣಗಿ ಹಗ್ಗವಾಗುತ್ತದೆ. ದಪ್ಪ ಮಾಂಸವಾದರೂ ಅಷ್ಟು ಹೊತ್ತು ಬೇಯುವುದರೊಳಗೆ ಮೂರನೇ ಒಂದು ಪಾಲಿನಷ್ಟು ತೂಕ ಕಳೆದುಕೊಳ್ಳುತ್ತದೆ. ಈಗಿನ ಮಟನ್ ರೇಟಿನಲ್ಲಿ ಆ ಪಾಲಿನ ನಷ್ಟ ಯಾರು ಹೊರುವುದು?

ಎರಡನೆಯದು ಗಿರಾಕಿಯ ಹೊತ್ತು. ಶಿಫ್ಟು ಮುಗಿಸಿ ಬಸ್ಸಿಳಿದವನಿಗೆ ಇಪ್ಪತ್ತು ನಿಮಿಷದಲ್ಲಿ ಪೊಟ್ಟಣ ಕೈಗೆ ಬರಬೇಕು. ಸ್ಮೋಕರಿನ ಮಾಂಸ ಸಂಜೆ ಮಾರಬೇಕಾದರೆ ಬೆಳಗ್ಗೆಯೇ ಬೆಂಕಿ ಹಾಕಬೇಕು, ಎಷ್ಟು ಜನ ಬರುತ್ತಾರೆಂದು ಮೊದಲೇ ಗೊತ್ತಿರಬೇಕು. ಮಳೆ ಬಂದು ಗಿರಾಕಿ ಬಾರದಿದ್ದರೆ? ಬೆಂದ ಮಾಂಸವನ್ನು 60 ಡಿಗ್ರಿಗೆ ಮೇಲಾದರೂ ಇಡಬೇಕು, ಬೇಗ ತಣಿಸಿ 5 ಡಿಗ್ರಿಗೆ ಕೆಳಗಾದರೂ ಇಡಬೇಕು. ನಡುವೆ ಬಿಟ್ಟರೆ ಕೆಡುತ್ತದೆ. ಅದಕ್ಕೆ ಫ್ರಿಜ್ಜು ಬೇಕು, ಕರೆಂಟು ಬೇಕು. ಗ್ರಿಲ್ಲಿನವನಾದರೆ ಗಿರಾಕಿ ಬಂದಷ್ಟೇ ಸುಡುತ್ತಾನೆ, ಮಿಕ್ಕದ್ದು ಹಸಿಯಾಗಿ ಐಸಿನಲ್ಲಿರುತ್ತದೆ.

ಮೂರನೆಯದೇ ನನಗೆ ಮುಖ್ಯ. ಅಷ್ಟು ಹೊತ್ತು ಬೆಂಕಿ ನೋಡಿಕೊಳ್ಳುವವರು ಯಾರು? ಸೌದೆಯ ಸ್ಮೋಕರಿಗೆ ಗಂಟೆಗೊಂದು ಸಲವಾದರೂ ಸೌದೆ ಇಡಬೇಕು. ಕಾವು ಏರಿದರೆ ಗಾಳಿಕಿಂಡಿ ತಿರುಗಿಸಬೇಕು, ಇಳಿದರೆ ಊದಬೇಕು. ಅಳಿಯ ಹಗಲು ಕಾರ್ಖಾನೆಯಲ್ಲಿ. ನಾನು ಈ ಪ್ರಶ್ನೆ ಕೇಳಿದಾಗ ಅವನು ಸುಮ್ಮನಾದ. ಅಕ್ಕನೇ ಮುಂದೆ ಬಂದು, "ಇರ್ಲಿ ಬಿಡೋ ತಮ್ಮಾ, ನಾನು ನೋಡ್ಕೋತೀನಿ. ನಂಗೇನು ಒಲೆ ಹೊಸದಾ?" ಅಂದಳು.

ಹೊಸದಲ್ಲ, ನಿಜ. ಅದೇ ಸಂಕಟ. ನಲವತ್ತು ವರ್ಷ ಊದುಗೊಳವೆ ಹಿಡಿದು ಹೊಗೆ ಕುಡಿದವಳು ಅವಳು. ಬೀಡಿ ಮುಟ್ಟಿದವಳಲ್ಲ, ಆದರೂ ಚಳಿಗಾಲ ಬಂದರೆ ಕೆಮ್ಮು ರಾತ್ರಿಯೆಲ್ಲ ನಿಲ್ಲದು. ಗ್ಯಾಸ್ ಬಂದ ಮೇಲೆ ಅಡುಗೆಮನೆ ಹೊಗೆ ತಪ್ಪಿತು ಅಂದುಕೊಂಡಿದ್ದೆವು. ಈಗ ಅವಳದೇ ಚೀಟಿ ದುಡ್ಡಲ್ಲಿ ಅವಳಿಗೇ ಹೊಸ ಹೊಗೆ ಕೊಂಡು ತರುವುದೇ?

ಹೊಗೆಯ ರುಚಿ ನಮ್ಮವರಿಗೆ ಗೊತ್ತಿಲ್ಲದ್ದಲ್ಲ. ಊರಹಬ್ಬ ಮುಗಿದ ಮಾರನೆಯ ದಿನ ನಮ್ಮಜ್ಜಿ ಉಳಿದ ಬಾಡನ್ನು ಉದ್ದಕ್ಕೆ ಸೀಳಿ, ಉಪ್ಪು ಅರಿಶಿನ ಹಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಹಾಕುತ್ತಿದ್ದಳು. ಆಮೇಲೆ ಆ ಸರ ಒಲೆಯ ಮೇಲೆ ತೂಗುತ್ತಿತ್ತು. ಅದೇ ಉಪ್ಪುಕಂಡ. ಕೊಡಗಿನಲ್ಲೂ ಮಳೆಗಾಲಕ್ಕೆಂದು ಮಾಂಸವನ್ನು ಹೀಗೆ ಒಲೆಯ ಮೇಲೆ ಒಣಗಿಸಿಡುವ ಪದ್ಧತಿಯುಂಟು. ನೋಡಿ, ಅಜ್ಜಿಯ ಆ ಒಲೆಯಲ್ಲಿ ಕೆಳಗೆ ಕೆಂಡದಲ್ಲಿ ಗೆಣಸು, ಬದನೆಕಾಯಿ ಸುಡುತ್ತಿತ್ತು. ನಡುವೆ ಮುದ್ದೆಯ ಎಸರು. ಮೇಲೆ ಹೊಗೆಗೆ ಬಾಡು. ಒಂದು ಬೆಂಕಿಗೆ ಮೂರು ಕೆಲಸ. ಹೊಗೆಗೆಂದೇ ಬೇರೆ ಒಲೆ ಹೂಡಿದವಳಲ್ಲ ಆಕೆ.

ಮುಚ್ಚಳವಿರುವ ದೊಡ್ಡ ಗ್ರಿಲ್ಲೂ ಹಾಗೆಯೇ. ನಾಲ್ಕಡಿ ಉದ್ದ ಇದ್ದರೆ ಅರ್ಧಕ್ಕೆ ಮಾತ್ರ ಕೆಂಡ ಹರವಬಹುದು. ಕೆಂಡದ ಮೇಲೆ ಕಬಾಬು, ಖಾಲಿ ಕಡೆ ಇಡೀ ಕೋಳಿ. ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ ಕೆಂಡಕ್ಕೆ ಎರಡು ತುಂಡು ಒಣಗಿದ ಮಾವಿನ ಕಟ್ಟಿಗೆ ಇಟ್ಟು ಮುಚ್ಚಳ ಮುಚ್ಚಿದರೆ, ಒಂದೂವರೆ ಗಂಟೆಗೆ ಹೊಗೆಯ ರುಚಿ ಹಿಡಿದ ಕೋಳಿ ಸಿದ್ಧ. ಕೋಳಿಯ ದಪ್ಪ ಭಾಗದೊಳಗೆ 74 ಡಿಗ್ರಿ ಮುಟ್ಟಿತೇ ಎಂದು ನೋಡಲು ಚುಚ್ಚುವ ಥರ್ಮಾಮೀಟರ್ ಒಂದಿದ್ದರಾಯಿತು. ಕೃಷ್ಣಗಿರಿ ಮಾವಿನ ಸೀಮೆ. ತೋಪು ಸವರಿದ ಕೊಂಬೆ ಬೇಕಾದಷ್ಟು. ನೀಲಗಿರಿ ಕಟ್ಟಿಗೆ ಮಾತ್ರ ಬೇಡ. ಮಾಲೂರು ಕಡೆಯಿಂದ ಸಲೀಸಾಗಿ ಸಿಗುತ್ತದೆ ಅಂತ ತಂದರೆ ಅದರ ಎಣ್ಣೆವಾಸನೆ ಮಾಂಸಕ್ಕೆ ಹತ್ತುತ್ತದೆ. ಬೇವೂ ಬೇಡ, ಬಣ್ಣ ಬಳಿದ ಹಳೇ ಬಾಗಿಲು ಮರವಂತೂ ಬೇಡವೇ ಬೇಡ. ಇದ್ದಿಲಿಗೆ ಚಿಂತೆಯಿಲ್ಲ, ರಾಮನಾಥಪುರ, ಶಿವಗಂಗೆ, ವಿರುದುನಗರ ಕಡೆ ಸೀಮೆಜಾಲಿ ಸುಟ್ಟು ಮಾಡಿದ್ದು ಸಿಗುತ್ತದೆ.

ಹಾಗಂತ ಗ್ರಿಲ್ಲು ನಿರಪಾಯ ಅನ್ನುತ್ತಿಲ್ಲ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲೂ, ಕರಕಲಾದ ಮಾಂಸದಲ್ಲೂ ಕ್ಯಾನ್ಸರ್ ತರಬಲ್ಲ ಪದಾರ್ಥಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ, ಉಪ್ಪು ಹಾಕಿ, ಹೊಗೆ ಹಿಡಿಸಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ ಸೇರಿಸಿತು. ಕೊಬ್ಬು ತೆಗೆದು, ಕರಕಲು ಕೆರೆದು, ಅಪರೂಪಕ್ಕೆ ತಿನ್ನುವುದೇ ಕ್ಷೇಮ. ಇನ್ನು ಒಲೆ ಯಾವುದೇ ಆಗಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಉರಿಸಬಾರದು. ಇದ್ದಿಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ.

ಇನ್ನೊಂದು ಮಾತು ವೆಲ್ಡಿಂಗ್ ಅಂಗಡಿಗೆ ಹೋಗುವವರಿಗೆ. ಹೊಸೂರಿನಂಥ ಕಾರ್ಖಾನೆ ಊರಿನ ಗುಜರಿಯಲ್ಲಿ 200 ಲೀಟರಿನ ಡ್ರಮ್ಮು ಅಗ್ಗಕ್ಕೆ ಸಿಗುತ್ತದೆ, ಸೀಳಿದರೆ ಒಲೆ ಆಯಿತು ಅಂತಾರೆ. ಒಳಗೆ ಮೊದಲು ಯಾವ ರಾಸಾಯನಿಕ ಇತ್ತೋ ಯಾರಿಗೆ ಗೊತ್ತು? ಸತುವಿನ ಲೇಪವಿರುವ ತಗಡೂ ಬೇಡ, ಕಾದರೆ ವಿಷದ ಹೊಗೆ ಬಿಡುತ್ತದೆ. ಮೂರು ಮಿಲಿಮೀಟರ್ ದಪ್ಪದ ಬರೀ ಕಬ್ಬಿಣದ ಶೀಟು ಹಾಕಿಸಿ. ತೆಳು ತಗಡಿಗಿಂತ ಕಾವು ಹೆಚ್ಚು ಹೊತ್ತು ನಿಲ್ಲುತ್ತದೆ, ಬಾಳಿಕೆಯೂ ಬರುತ್ತದೆ.

ಸ್ಮೋಕರ್ ಯಾರಿಗೂ ಬೇಡವೇ? ಬೇಕಾದವರಿದ್ದಾರೆ. ವಾರಕ್ಕೆ ಮೊದಲೇ ಆರ್ಡರ್ ಹಿಡಿಯುವವರು, ಹಂದಿ ಮಾಂಸದ ಗಿರಾಕಿ ಇರುವವರು, ಬೆಂಕಿ ಕಾಯಲು ಸಂಬಳದ ಆಳು ಇರುವವರು ಧಾರಾಳವಾಗಿ ಕೊಳ್ಳಲಿ. ಇರುವ ಒಂದೇ ಚೀಟಿ ಎತ್ತಿ ಕೊಳ್ಳುವವರಿಗೆ ಮಾತ್ರ ನನ್ನ ಮಾತು: ಮೊದಲು ದಿನಾ ದುಡಿಯುವ ಒಲೆ, ಆಮೇಲೆ ಹಬ್ಬಕ್ಕೆ ದುಡಿಯುವ ಒಲೆ.

ಅಳಿಯ ಹದಿನೈದು ದಿನ ಮುಖ ಊದಿಸಿಕೊಂಡಿದ್ದ. ಕೊನೆಗೆ ತಾನೇ ಬಂದು, "ಮಾವಾ, ಅಳತೆ ಬರ್ಕೊಡು" ಅಂದ. ನಾಲ್ಕಡಿ ಗ್ರಿಲ್ಲು, ಮುಚ್ಚಳ, ಹೊಗೆ ಮೇಲಕ್ಕೆ ಹೋಗಲು ಏಳಡಿ ಕೊಳವೆ, ಎಲ್ಲಾ ಸೇರಿ 28 ಸಾವಿರವಾಯಿತು. ಮಿಕ್ಕ ದುಡ್ಡು ಅಕ್ಕನ ಪಾಸ್‌ಬುಕ್ಕಿಗೆ ವಾಪಸ್ ಹೋಗಿದೆ. ಈಗ ಭಾನುವಾರ ಯಾರೂ ಕಾದು ಸಾಕಾಗಿ ಹೋಗುವುದಿಲ್ಲ. ಅಕ್ಕ ಅಂಗಡಿಗೆ ಬರುತ್ತಾಳೆ, ಆದರೆ ಗಾಳಿ ಬರುವ ಕಡೆ ಕುರ್ಚಿ ಹಾಕಿಕೊಂಡು ಈರುಳ್ಳಿ ಹೆಚ್ಚುವುದಷ್ಟೇ ಅವಳ ಕೆಲಸ. ಒಲೆ ಹತ್ತಿರ ಬಂದರೆ ಮಗನೇ ಗದರುತ್ತಾನೆ.