ನೀರು ಸುರಿದರೆ ಚಿಗಟ ಹೋಗದು

ಬೆಕ್ಕಿನ ಚಿಗಟಕ್ಕೆ ಸ್ನಾನವೊಂದೇ ಮದ್ದಲ್ಲ, ಮೈಗೂ ಮನೆಗೂ ಒಟ್ಟಿಗೇ ಉಪಚಾರ ಆಗಬೇಕು ಎಂದು ಹಿಂದೆ ಬರೆದಿದ್ದೆ. ಒಪ್ಪದವರು ಬಹಳ. ಅವರೊಳಗೇ ಒಮ್ಮತವಿಲ್ಲ. ಬೆಕ್ಕಿಗೆ ನೀರು ಸೋಕಿಸುವುದೇ ಹಿಂಸೆ ಎನ್ನುವವರಿದ್ದಾರೆ, ವಾರಕ್ಕೊಮ್ಮೆ ತಿಕ್ಕಿ ತೊಳೆದರೆ ಯಾವ ಔಷಧವೂ ಬೇಡ ಎನ್ನುವವರಿದ್ದಾರೆ. ಕರ್ಪೂರ, ಬೇವಿನೆಣ್ಣೆ, ನಾಯಿಯ ಔಷಧ ಇವೆಲ್ಲ ಇರುವಾಗ ಡಾಕ್ಟರ ಬಳಿ ಯಾಕೆ ಹೋಗಬೇಕು ಎಂದು ಕೇಳಿದವರೂ ಇದ್ದಾರೆ. ಈ ಸಲಹೆಗಳಲ್ಲಿ ಕೆಲವು ಬೆಕ್ಕಿನ ಪ್ರಾಣವನ್ನೇ ತೆಗೆಯುವಂಥವು. ಹಾಗಾಗಿ ಉತ್ತರ ಕೊಡಲೇಬೇಕಾಗಿದೆ.

ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿ ಚೊಕ್ಕಟ ಮಾಡಿಕೊಳ್ಳುತ್ತದೆ, ಸ್ನಾನ ಯಾಕೆ ಎಂಬುದು ಮೊದಲ ಆಕ್ಷೇಪ. ಆರೋಗ್ಯವಾಗಿರುವ ಬೆಕ್ಕಿನ ಮಟ್ಟಿಗೆ ಇದು ಪೂರ್ತಿ ಸರಿ. ಆದರೆ ಮೈಗೆ ಸೀಮೆಎಣ್ಣೆಯೋ ಗಾಡಿಯ ಆಯಿಲ್ಲೋ ಮೆತ್ತಿಕೊಂಡಿದ್ದರೆ ಅದು ನೆಕ್ಕಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಮುಪ್ಪಿನ ಬೆಕ್ಕಿಗೆ, ತೀರಾ ದಪ್ಪಗಾದ ಬೆಕ್ಕಿಗೆ ಬೆನ್ನಿನ ಹಿಂಭಾಗ ಎಟುಕುವುದೇ ಇಲ್ಲ. ಇನ್ನು ಚಿಗಟದ ವಿಷಯದಲ್ಲಂತೂ ನೆಕ್ಕುವುದರಿಂದಲೇ ಇನ್ನೊಂದು ತೊಂದರೆ ಶುರುವಾಗುತ್ತದೆ. ನುಂಗಿದ ಚಿಗಟದೊಳಗೆ ಲಾಡಿಹುಳುವಿನ ಮರಿ ಇದ್ದರೆ ಅದು ಬೆಕ್ಕಿನ ಕರುಳಿನಲ್ಲಿ ಬೆಳೆಯುತ್ತದೆ. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ಬಿಳಿ ತುಣುಕು ಅಂಟಿದ್ದು ಕಂಡರೆ ಅದೇ ಗುರುತು. ಆಗ ಜಂತುಹುಳುವಿನ ಔಷಧವನ್ನೂ ಕೊಡಿಸಬೇಕಾಗುತ್ತದೆ.

ವಾರಕ್ಕೊಮ್ಮೆ ಸ್ನಾನ ಮಾಡಿಸಿದರೆ ಸಾಕು ಎನ್ನುವವರಿಗೆ ನನ್ನ ಉತ್ತರ ಸ್ವಲ್ಪ ಉದ್ದ. ಸೋಪಿನ ನೀರಿನಲ್ಲಿ ಚಿಗಟ ಮುಳುಗಿ ಸಾಯುವುದು ನಿಜ. ಆದರೆ ಸಾಯುವುದು ಆ ಹೊತ್ತಿಗೆ ಮೈಮೇಲೆ ಇದ್ದವು ಮಾತ್ರ. ಪಶುವೈದ್ಯರು ಸಾಮಾನ್ಯವಾಗಿ ಕೊಡುವ ಲೆಕ್ಕದಲ್ಲಿ, ಒಂದು ಮನೆಯ ಒಟ್ಟು ಚಿಗಟದ ಸಂತತಿಯಲ್ಲಿ ಬೆಕ್ಕಿನ ಮೈಮೇಲಿರುವ ದೊಡ್ಡ ಚಿಗಟ ಶೇಕಡ 5 ಮಾತ್ರ. ಉಳಿದ 95 ಮೊಟ್ಟೆ, ಮರಿಹುಳು, ಗೂಡುಗಳ ರೂಪದಲ್ಲಿ ಮನೆಯಲ್ಲೇ ಬಿದ್ದಿರುತ್ತದೆ. ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ಅವು ರೋಮಕ್ಕೆ ಅಂಟಿಕೊಳ್ಳುವುದಿಲ್ಲ, ಬೆಕ್ಕು ಮಲಗಿದಲ್ಲಿ, ಮೈ ಕೊಡವಿದಲ್ಲಿ ಉದುರುತ್ತವೆ. ಮಂಚದ ಕೆಳಗೆ, ಸೋಫಾದ ಸಂದಿಯಲ್ಲಿ, ಜಮಖಾನದ ನೂಲಿನೊಳಗೆ, ಅಟ್ಟದ ಗೋಣಿಚೀಲಗಳಲ್ಲಿ ಮರಿಯಾಗಿ, ದೊಡ್ಡ ಚಿಗಟಗಳು ಉದುರಿಸಿದ ರಕ್ತದ ಹಿಕ್ಕೆಯನ್ನೇ ತಿಂದು ಬೆಳೆಯುತ್ತವೆ. ಆಮೇಲೆ ಅಂಟಂಟಾದ ಗೂಡು ಕಟ್ಟಿಕೊಂಡು ಕೂತರೆ ಕೀಟನಾಶಕವೂ ಒಳಗೆ ಇಳಿಯದು. ಗೂಡಿನಲ್ಲಿ ತಿಂಗಳುಗಟ್ಟಲೆ ಕಾದು, ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ತಾಗಿದೊಡನೆ ಹೊರಗೆ ಜಿಗಿಯುತ್ತವೆ. ಭಾನುವಾರ ತೊಳೆದ ಬೆಕ್ಕು ಸೋಮವಾರ ಮತ್ತೆ ಕೆರೆದುಕೊಳ್ಳುವುದು ಇದರಿಂದಲೇ.

ಮರಿಹುಳುವಿಗೆ ಬೆಳಕಾಗದು, ಒಣಗಾಳಿಯೂ ಆಗದು. ಗಾಳಿಯ ತೇವ ಶೇಕಡ 50ಕ್ಕಿಂತ ಕೆಳಗಿಳಿದರೆ ಸಾಯುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದುದ್ದಕ್ಕೂ ಈ ಪೀಡೆ ಜೋರಾಗುವುದಕ್ಕೆ ಕಾರಣ ಇದೇ. ಬೆಕ್ಕು ಮಲಗುವ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಸುಡುಬಿಸಿಲಿಗೆ ಹರವುವುದು, ಸಂದಿಗೊಂದಿ ಬಿಡದೆ ದಿನಾ ಗುಡಿಸುವುದು ಅಥವಾ ವ್ಯಾಕ್ಯೂಮ್ ಮಾಡುವುದು, ಆ ಕಸವನ್ನು ಆಗಲೇ ಮನೆಯಿಂದಾಚೆ ಸಾಗಿಸುವುದು, ಇಷ್ಟನ್ನೂ ಮಾಡದೆ ಬೆಕ್ಕನ್ನು ಮಾತ್ರ ನೀರಿಗೆ ಅದ್ದುತ್ತಿದ್ದರೆ ಆ ಪ್ರಾಣಿಗೆ ಸಂಕಟ ಕೊಟ್ಟದ್ದಷ್ಟೇ ಆಗುತ್ತದೆ.

ಸ್ನಾನ ಮಾಡಿಸಲೇಬೇಕಾದ ಸಂದರ್ಭವೂ ಬರುತ್ತದೆ ಎಂದೆನಲ್ಲ, ಅದಕ್ಕೆ ‘ಹೇಳುವುದು ಸುಲಭ, ನಮ್ಮ ಬೆಕ್ಕು ಬಕೆಟ್ ಕಂಡರೇ ಕೈ ಪರಚುತ್ತದೆ’ ಎಂದಿದ್ದಾರೆ. ಕಾಲು ಜಾರುವ ನೆಲ, ಮೇಲಿಂದ ಧೊಪ್ಪೆಂದು ಬೀಳುವ ನೀರು, ನಲ್ಲಿಯ ಸದ್ದು, ಬೆಕ್ಕು ಕಂಗಾಲಾಗುವುದು ಬಹುಮಟ್ಟಿಗೆ ಇವುಗಳಿಂದ. ಉಗುರನ್ನು ಹಿಂದಿನ ದಿನವೇ ಕತ್ತರಿಸಿ. ಬಚ್ಚಲಿಗೆ ತರುವ ಮೊದಲೇ ಅಗಲವಾದ ಟಬ್ಬಿನಲ್ಲಿ ನಾಲ್ಕು ಬೆರಳು ಎತ್ತರ ಉಗುರುಬೆಚ್ಚನೆ ನೀರು ತುಂಬಿ, ತಳಕ್ಕೆ ಹಳೆಯ ಟವೆಲ್ ಹಾಸಿ. ಉಗುರಿಗೆ ಹಿಡಿತ ಸಿಕ್ಕಿದರೆ ಅರ್ಧ ಗಾಬರಿ ಇಳಿಯುತ್ತದೆ. ಒಬ್ಬರು ಹೆಗಲು ಹಿಡಿದು ಮೆಲ್ಲಗೆ ಮಾತಾಡಿಸುತ್ತಿರಲಿ, ಇನ್ನೊಬ್ಬರು ಬೆಕ್ಕಿನ ಶಾಂಪೂವನ್ನು ಮೊದಲು ಕುತ್ತಿಗೆಯ ಸುತ್ತ ನೊರೆಯ ಪಟ್ಟಿಯಂತೆ ಹಚ್ಚಲಿ. ಮೈ ನೆನೆಯುತ್ತಲೇ ಚಿಗಟಗಳು ಕಿವಿ, ಕಣ್ಣಿನ ಕಡೆಗೆ ಓಡುತ್ತವೆ, ಈ ನೊರೆ ಅವನ್ನು ತಡೆಯುತ್ತದೆ. ತಲೆಗೆ ನೀರು ಹೊಯ್ಯಬೇಡಿ, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿದರೆ ಸಾಕು. ನೊರೆ ಪೂರ್ತಿ ಹೋಗುವವರೆಗೆ ಚೊಂಬನ್ನು ಮೈಗೆ ತಾಗಿಸಿ ಹಿಡಿದು ತೊಳೆಯಿರಿ, ಟವೆಲಿನಲ್ಲಿ ಸುತ್ತಿ ಒಣಗಿಸಿ.

ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಅಲ್ಲಿಗೆ ನಿಲ್ಲಿಸಿ. ಅಂಥ ಬೆಕ್ಕಿಗೆ ಹೇನು ತೆಗೆಯುವ ಸೀರಣಿಗೆಯೇ ಸಾಕು, ಬಾಚಿ ಸಿಕ್ಕಿದ್ದನ್ನು ಸೋಪಿನ ನೀರಿನ ಬಟ್ಟಲಿಗೆ ಅದ್ದಿದರಾಯಿತು. ಎಂಟು ವಾರ ತುಂಬದ ಮರಿಗಳಿಗೂ ಇದೇ ಮೇಲು, ಏಕೆಂದರೆ ಅವು ಥಂಡಿ ತಡೆಯವು. ಹಾಗೆಂದು ಮರಿಗಳ ಚಿಗಟವನ್ನು ಕಡೆಗಣಿಸುವಂತೆಯೂ ಇಲ್ಲ. ವಸಡು ಬಿಳಿಚಿಕೊಂಡಿದ್ದರೆ ಚಿಗಟಗಳು ರಕ್ತ ಹೀರಿ ಹೀರಿ ಮರಿ ಸಾಯುವ ಹಂತಕ್ಕೆ ಬಂದಿರಬಹುದು. ಅದೇ ದಿನ ಡಾಕ್ಟರಿಗೆ ತೋರಿಸಬೇಕು.

ಈಗ ನನ್ನನ್ನು ನಿಜವಾಗಿ ಕಂಗೆಡಿಸಿದ ಸಲಹೆಗಳಿಗೆ ಬರುತ್ತೇನೆ. ‘ಅಜ್ಜಿಯ ಕಾಲದಿಂದ ಕರ್ಪೂರ, ಬೇವಿನೆಣ್ಣೆ, ನೀಲಗಿರಿ ಎಣ್ಣೆ ಹಚ್ಚಿದ್ದೇವೆ, ಏನೂ ಆಗಿಲ್ಲ’ ಎನ್ನುತ್ತಾರೆ. ನಮಗೆ ಹಿಡಿಸುವ ಎಷ್ಟೋ ವಸ್ತುಗಳನ್ನು ಬೆಕ್ಕಿನ ಯಕೃತ್ತು ಒಡೆದು ಹೊರಹಾಕಲಾರದು, ಅದಕ್ಕೆ ಬೇಕಾದ ಕಿಣ್ವ ಅದರಲ್ಲಿ ತೀರಾ ಕಡಿಮೆ. ನಮ್ಮ ಜ್ವರ ಇಳಿಸುವ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಕರ್ಪೂರ ಚರ್ಮದ ಮೂಲಕವೇ ರಕ್ತಕ್ಕಿಳಿದು ಫಿಟ್ಸ್ ತರಿಸುತ್ತದೆ. ಫಿನಾಯಿಲ್, ಸೀಮೆಎಣ್ಣೆಗಳು ಚರ್ಮ ಸುಡುತ್ತವೆ, ನೆಕ್ಕಿದಾಗ ಬಾಯಿ ಹುಣ್ಣಾಗುತ್ತದೆ. ಹಚ್ಚಿದ್ದೆಲ್ಲವನ್ನೂ ನೆಕ್ಕುವ ಪ್ರಾಣಿಗೆ ಹಚ್ಚುವುದೂ ಒಂದೇ, ತಿನ್ನಿಸುವುದೂ ಒಂದೇ.

ನಾಯಿಯ ಔಷಧವನ್ನೇ ಕಡಿಮೆ ಹನಿ ಹಾಕಿದರಾಯಿತು ಎಂದವರು ದಯವಿಟ್ಟು ಇದನ್ನು ಎರಡು ಸಲ ಓದಬೇಕು. ನಾಯಿಯ ಬೆನ್ನಿಗೆ ಹಾಕುವ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಶೇಕಡ 45ರಿಂದ 65ರಷ್ಟು ಇರುತ್ತದೆ. ನಾಯಿಗೆ ಅದು ಹಿಡಿಸುತ್ತದೆ, ಬೆಕ್ಕಿಗೆ ಕೆಲವೇ ಹನಿ ಸಾಕು. ಮೊದಲು ಕಿವಿ, ಮುಖ ಅದುರುತ್ತವೆ, ಆಮೇಲೆ ಮೈಯೆಲ್ಲ ನಡುಗಿ ಫಿಟ್ಸ್ ಬರುತ್ತದೆ. ದನದ ಉಣುಗಿಗೆಂದು ಕೊಟ್ಟಿಗೆಯಲ್ಲಿಟ್ಟ ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಅದೇ ಜಾತಿಯವು. ಜಿರಳೆಗೆ ಎಳೆಯುವ ಸೀಮೆಸುಣ್ಣದಲ್ಲಿ ಇರುವುದೂ ಸಾಮಾನ್ಯವಾಗಿ ಇಂಥವೇ. ಯಾರಾದರೂ ಈಗಾಗಲೇ ಹಚ್ಚಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ಉಗುರುಬೆಚ್ಚನೆ ನೀರು, ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಮೈ ತೊಳೆದು, ಔಷಧದ ಡಬ್ಬಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.

ಹಾಗಾದರೆ ಡಾಕ್ಟರು ಕೊಡುವುದೂ ವಿಷವೇ ತಾನೆ ಎಂಬ ಪ್ರಶ್ನೆ ನ್ಯಾಯವಾದದ್ದು. ಫಿಪ್ರೊನಿಲ್, ಸೆಲಮೆಕ್ಟಿನ್‌ನಂಥವುಗಳಲ್ಲಿ ಬೆಕ್ಕಿಗೆಂದೇ ತಯಾರಾದವು ಇವೆ, ತೂಕ, ವಯಸ್ಸು ನೋಡಿ ಕೊಡುತ್ತಾರೆ. ನಾಲಿಗೆ ಎಟುಕದ ಕತ್ತಿನ ಹಿಂಭಾಗದಲ್ಲಿ ರೋಮ ಬಿಡಿಸಿ ಚರ್ಮಕ್ಕೇ ಹಾಕಬೇಕು. ಫಿಪ್ರೊನಿಲ್ ಹಾಕುವ ಎರಡು ದಿನ ಮುಂಚೆ, ಎರಡು ದಿನ ಆಮೇಲೆ ಸ್ನಾನ ಕೂಡದು. ವಾರವಾರ ಸ್ನಾನ ಮಾಡಿಸುವವರು ಇದನ್ನೂ ಗಮನಿಸಬೇಕು.

‘ನಮ್ಮ ಬೆಕ್ಕಿನಲ್ಲಿ ಒಂದೂ ಕಂಡಿಲ್ಲ’ ಎನ್ನುವವರು ಬಾಲದ ಬುಡದಲ್ಲಿ ಸೀರಣಿಗೆ ಎಳೆದು, ಬಂದ ಕರಿ ಕಾಳನ್ನು ಒದ್ದೆ ಹತ್ತಿಯ ಮೇಲೆ ಇಟ್ಟು ನೋಡಲಿ. ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಬೆಕ್ಕಿನದೇ ರಕ್ತ, ಚಿಗಟದ ಹಿಕ್ಕೆಯಾಗಿ ಬಿದ್ದದ್ದು.

ಕೊನೆಯದು ಪ್ಲೇಗಿನ ಭಯ. 1898ರಲ್ಲಿ ಪ್ಲೇಗ್ ಬೆಂಗಳೂರಿಗೆ ನುಗ್ಗಿದ್ದನ್ನು ನೆನಪಿಸಿ, ಚಿಗಟ ಹಿಡಿದ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಮೀನು ಮಾರ್ಕೆಟ್ಟಿನ ಹತ್ತಿರ ಬಿಟ್ಟುಬನ್ನಿ ಎಂದು ಹಿರಿಯರೊಬ್ಬರು ಬರೆದಿದ್ದಾರೆ. ಪ್ಲೇಗನ್ನು ಮುಖ್ಯವಾಗಿ ಹರಡುವುದು ಇಲಿಯ ಚಿಗಟ. ನಮ್ಮ ಬೆಕ್ಕು, ನಾಯಿಗಳ ಮೈಮೇಲೆ ಸಾಮಾನ್ಯವಾಗಿ ಸಿಗುವುದು ಬೇರೆಯೇ ಜಾತಿ, ಪ್ಲೇಗ್ ಹರಡುವುದರಲ್ಲಿ ಅದು ಬಲಹೀನ. ಇನ್ನು ಬೆಕ್ಕನ್ನು ಬಿಟ್ಟುಬಂದ ಮನೆಯಲ್ಲಿ ಏನಾಗುತ್ತದೆ? ಮಂಚದ ಕೆಳಗಿನ ಗೂಡುಗಳು ಅಲ್ಲೇ ಇರುತ್ತವೆ. ಹಸಿದು ಹೊರಬಂದ ಚಿಗಟಕ್ಕೆ ಬೆಕ್ಕು ಸಿಗದಿದ್ದರೆ ಮನೆಮಂದಿಯ ಕಣಕಾಲು ಸಿಗುತ್ತದೆ. ಅದರ ಬದಲು ಔಷಧ ಹಾಕಿದ ಬೆಕ್ಕು ಎಂದಿನಂತೆ ಕೋಣೆ ಕೋಣೆ ಓಡಾಡಿಕೊಂಡಿರಲಿ. ಗೂಡಿನಿಂದ ಎದ್ದ ಚಿಗಟಗಳು ಅದರ ಮೈಗೇ ಹತ್ತಿ ಸಾಯುತ್ತವೆ. ಔಷಧವನ್ನು ಡಾಕ್ಟರು ಹೇಳಿದಂತೆ ತಿಂಗಳು ತಪ್ಪಿಸದೆ ಕನಿಷ್ಠ ಮೂರು ತಿಂಗಳು ಹಾಕಿ, ಮನೆಯಲ್ಲಿ ಇನ್ನೊಂದು ಬೆಕ್ಕೋ ನಾಯಿಯೋ ಇದ್ದರೆ ಅದಕ್ಕೂ ಅದರದೇ ಔಷಧವನ್ನು ಅದೇ ದಿನ ಹಾಕಿ.