ಶೀತಸೂಚನೆಯೂ ಅದರ ಸಾರ್ಥಕತೆಯೂ

ಪ್ರತಿವರ್ಷವೂ ಪುಷ್ಯ ಮಾಸವು ಸಮೀಪಿಸುತ್ತಲೇ ಉತ್ತರ ಹಿಂದುಸ್ಥಾನದ ಬಯಲುಸೀಮೆಯಿಂದ ಒಂದೇ ಬಗೆಯ ವರ್ತಮಾನಗಳು ಬರತೊಡಗುತ್ತವೆ. ಮಂಜು ಕವಿದು ರೈಲುಗಳು ತಡವಾದುವು, ವಿಮಾನಗಳು ನಿಂತುವು, ಶಾಲೆಗಳಿಗೆ ರಜ ಕೊಡಲಾಯಿತು. ಇವೆಲ್ಲವೂ ಮುಗಿದ ಮೇಲೆ, ಪತ್ರಿಕೆಯ ಒಂದು ಮೂಲೆಯಲ್ಲಿ, ಸೇತುವೆಯ ಕೆಳಗೆ ಮಲಗಿದ್ದವನೊಬ್ಬನು ಬೆಳಗಾಗುವುದರೊಳಗೆ ಮೃತನಾಗಿದ್ದನೆಂಬ ಎರಡು ಸಾಲು. ಹೆಸರು ತಿಳಿಯದು. ರೈಲು ತಡವಾದುದಕ್ಕೆ ಕಾರಣವನ್ನು ಕೇಳುವ ನಾವು ಈ ಎರಡು ಸಾಲಿಗೆ ಕಾರಣವನ್ನು ಕೇಳುವುದಿಲ್ಲ.

ಚಳಿಯು ಹೇಳದೆ ಬಂದಿತೆಂದು ಈಗ ಯಾರೂ ನುಡಿಯುವಂತಿಲ್ಲ. ಬಯಲುನಾಡಿನಲ್ಲಿ ರಾತ್ರಿಯ ಉಷ್ಣತೆಯು 10 ಡಿಗ್ರಿಗೆ ಇಳಿದು ವಾಡಿಕೆಗಿಂತ 4.5 ಡಿಗ್ರಿ ಕಡಿಮೆಯಾದರೆ ಹವಾಮಾನ ಇಲಾಖೆಯವರು ಅದನ್ನು ಶೀತಗಾಳಿಯೆಂದು ಸಾರುತ್ತಾರೆ. 4 ಡಿಗ್ರಿಗೆ ಇಳಿದರೆ ವಾಡಿಕೆಯ ಲೆಕ್ಕವೇ ಬೇಡ. 2 ಡಿಗ್ರಿಯಾದರೆ ತೀವ್ರ. ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳಿಂದ ಅಪಾಯದ ಪ್ರಮಾಣವನ್ನೂ ಮುಂಗಡವಾಗಿಯೇ ತಿಳಿಸುತ್ತಾರೆ. ಇಲಾಖೆಯ ಕೆಲಸದಲ್ಲಿ ನಾವು ದೋಷವನ್ನೆಣಿಸುವುದಿಲ್ಲ. ಆದರೆ ಸೂಚನೆಯು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋಗುತ್ತದೆ. ಮೊಬೈಲಿದ್ದವರಿಗೆ ಸಂದೇಶವಾಗಿ ತಲಪುತ್ತದೆ. ಅದನ್ನೋದಿ ಕಿಟಕಿ ಮುಚ್ಚಿ ಮಲಗುವವನಿಗೆ ಅದರ ಅಗತ್ಯವು ಅಲ್ಪವೇ. ಅಗತ್ಯವುಳ್ಳವನಿಗೆ ಮುಚ್ಚಲು ಕಿಟಕಿಯೇ ಇಲ್ಲ.

ತಂಗುದಾಣಗಳು ತೆರೆದಿದ್ದರೂ ಜನರು ಬರುವುದಿಲ್ಲವೆಂದು ಅಧಿಕಾರಿಗಳು ಸಮಾಧಾನ ಹೇಳುವುದುಂಟು. ವೈದ್ಯಶಾಸ್ತ್ರವು ಈ ಮಾತಿಗೆ ಬೇರೆಯೇ ಉತ್ತರವನ್ನು ಕೊಡುತ್ತದೆ. ದೇಹದ ಒಳಗಿನ ಉಷ್ಣತೆಯು 35 ಡಿಗ್ರಿಗಿಂತ ಕೆಳಗಿಳಿದಾಗ ಮನುಷ್ಯನು ಮೊದಲು ನಡುಗುತ್ತಾನೆ. ಇನ್ನೂ ಇಳಿದರೆ ನಡುಕವು ನಿಲ್ಲುತ್ತದೆ, ಮಾತು ತೊದಲುತ್ತದೆ, ಬುದ್ಧಿಯು ಮಂಕಾಗುತ್ತದೆ. ಎದ್ದು ಹೋಗಬೇಕೆಂಬ ವಿವೇಕವೇ ಆಗ ಅವನಲ್ಲಿರುವುದಿಲ್ಲ. ಮದ್ಯವನ್ನು ಕುಡಿದವನಿಗೆ ಬೆಚ್ಚಗಾದಂತೆ ತೋರಿ, ಮೈಯ ಶಾಖವು ಇನ್ನೂ ಬೇಗ ಹೊರಗೆ ಹೋಗುತ್ತದೆ. ನೋಡುವವರು ಅವನನ್ನು ಕುಡುಕನೆಂದು ದಾಟಿ ಹೋಗುತ್ತಾರೆ. ಇಂಥವನು ತಾನಾಗಿ ಬಾಗಿಲಿಗೆ ಬರಲಿ ಎಂದು ಕಾಯುವುದು, ಮುಳುಗುವವನು ತಾನೇ ದಡಕ್ಕೆ ಬಂದು ಅರ್ಜಿ ಸಲ್ಲಿಸಲಿ ಎಂದಂತೆ. ಮನೆಯುಳ್ಳ ಬಡವರ ಅಪಾಯವೂ ಕಡಿಮೆಯಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಲ ಒಲೆಯಿಟ್ಟು ಮಲಗಿ, ಬಣ್ಣವೂ ವಾಸನೆಯೂ ಇಲ್ಲದ ವಿಷವಾಯುವಿನಿಂದ ಇಡೀ ಸಂಸಾರವೇ ಅಳಿದ ಸುದ್ದಿಗಳನ್ನು ನಾವು ಎಷ್ಟೋ ಸಲ ಓದಿದ್ದೇವೆ. ಚಳಿಗೆ ರಕ್ತನಾಳಗಳು ಕುಗ್ಗುವುದರಿಂದ ವೃದ್ಧರಲ್ಲಿ ಹೃದಯಾಘಾತಗಳೂ ಹೆಚ್ಚುತ್ತವೆ.

2009ರ ಡಿಸೆಂಬರಿನಲ್ಲಿ ದಿಲ್ಲಿಯ ಪೂಸಾ ರಸ್ತೆಯಲ್ಲಿದ್ದ ತಾತ್ಕಾಲಿಕ ತಂಗುದಾಣವನ್ನು ನಗರಾಡಳಿತದವರೇ ಕೆಡವಿದರು. ಅದೂ ಚಳಿಯ ನಡುವೆ. ಉಚ್ಚ ನ್ಯಾಯಾಲಯವೂ ಸರ್ವೋಚ್ಚ ನ್ಯಾಯಾಲಯವೂ ಮಧ್ಯೆ ಬಂದ ಮೇಲೆಯೇ ಅವರ ಕಣ್ಣು ತೆರೆದುದು. ದೊಡ್ಡ ನಗರಗಳಲ್ಲಿ ಲಕ್ಷ ಜನಕ್ಕೆ ಒಂದರಂತೆ ತಂಗುದಾಣವಿರಬೇಕೆಂಬ ಪ್ರಮಾಣವು ಬಲಗೊಂಡುದು ಆ ವ್ಯಾಜ್ಯದಿಂದಲೇ. ಕಟ್ಟಡಗಳು ಕೆಲವು ಎದ್ದುವು. ಆದರೆ ಸೂಚನೆಗೂ ಕಟ್ಟಡಕ್ಕೂ ನಡುವೆ ನಡೆಯಬೇಕಾದವನು ಯಾರು?

ಲಂಡನ್ನಿನಲ್ಲಿ ಈಗಿನ ಕಟ್ಟಳೆಯಂತೆ, ಒಂದೇ ರಾತ್ರಿ ಉಷ್ಣತೆಯು ಸೊನ್ನೆಗೆ ಇಳಿಯುವುದೆಂಬ ಮುನ್ಸೂಚನೆ ಬಂದರೂ ತುರ್ತು ಆಶ್ರಯಗಳನ್ನು ತೆರೆಯುತ್ತಾರೆ. ಹಿಂದೆ ಸತತವಾಗಿ ಮೂರು ರಾತ್ರಿ ಹಾಗಿದ್ದರೆ ಮಾತ್ರ ತೆರೆಯುವ ವಾಡಿಕೆಯಿತ್ತು. ಈ ಮೂರರ ಲೆಕ್ಕವನ್ನು ಕಟ್ಟಿದ ಮಹನೀಯರು ಒಂದು ರಾತ್ರಿಯನ್ನಾದರೂ ಬೀದಿಯಲ್ಲಿ ಕಳೆದಿರಲಾರರು! ಇಂಗ್ಲೆಂಡಿನಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಹೊರಡುವ ಆರೋಗ್ಯಸೂಚನೆಯು ಬರಿಯ ಡಿಗ್ರಿಯನ್ನು ಹೇಳಿ ಮುಗಿಸುವುದಿಲ್ಲ. ಯಾವ ಹಾನಿಯು ಸಂಭವಿಸಬಹುದು, ಆಸ್ಪತ್ರೆಯವರೂ ಸ್ಥಳೀಯಾಡಳಿತದವರೂ ಏನು ಮಾಡಬೇಕು ಎಂಬುದನ್ನು ಸಹ ಅದರೊಡನೆ ತಿಳಿಸಲಾಗುತ್ತದೆ. ಅಲ್ಲಿಯೂ ಬೀದಿಯಲ್ಲಿ ಮಲಗುವವರಿದ್ದಾರೆ. ಆ ದೇಶವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ.

ಇದು ಉತ್ತರದವರ ಗೋಳು, ನಮಗೇನು ಎಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ಬೀದರ, ಕಲಬುರಗಿ, ವಿಜಯಪುರ ಜಿಲ್ಲೆಗಳಿಗೆ ಶೀತದ ಎಚ್ಚರಿಕೆಯು ಬರುವುದುಂಟು. ಬೆಂಗಳೂರಿನಲ್ಲಿಯೇ 1884ರ ಜನವರಿ 13ರಂದು ಉಷ್ಣತೆಯು 7.8 ಡಿಗ್ರಿಗೆ ಇಳಿದಿತ್ತು. ಕಬ್ಬಿನ ಸುಗ್ಗಿಯು ನಡೆಯುವುದು ಚಳಿಗಾಲದಲ್ಲಿಯೇ. ಕಬ್ಬು ಕಡಿಯಲು ಊರು ಬಿಟ್ಟು ಬಂದವರು ಹಸುಗೂಸುಗಳೊಡನೆ ಹೊಲದಂಚಿನ ಗುಡಿಸಲುಗಳಲ್ಲಿ ಮಲಗುತ್ತಾರೆ. ಜಿಲ್ಲಾಕಚೇರಿಯ ಎಚ್ಚರಿಕೆಯು ಅಲ್ಲಿಗೆ ತಲಪಿತೇ ಎಂದು ಕೇಳಿದರೆ ಉತ್ತರಿಸುವವರು ಯಾರು?

ಹಣವಿಲ್ಲವೆಂಬ ನೆವವೂ ನಿಲ್ಲದು. ವಿಪತ್ತುಪರಿಹಾರ ನಿಧಿಗೆ ಅರ್ಹವಾದ ಉತ್ಪಾತಗಳ ಪಟ್ಟಿಯಲ್ಲಿ ಶೀತಗಾಳಿಯೂ ಸೇರಿದೆ. ಕಿತ್ತಳೆ ಸೂಚನೆಯು ಬಂದ ಸಂಜೆಯೇ ಯಾವ ಶಾಲೆಯ, ಯಾವ ಛತ್ರದ ಬಾಗಿಲು ತೆರೆಯತಕ್ಕದ್ದು, ಬೀಗದ ಕೈ ಯಾರಲ್ಲಿದೆ, ರಾತ್ರಿ ಬೀದಿಗಳನ್ನೂ ಹೊಲಗಳನ್ನೂ ಸುತ್ತಿ ಜನರನ್ನು ಕರೆತರತಕ್ಕವರು ಯಾರು ಎಂಬುದನ್ನು ಹುದ್ದೆಯ ಹೆಸರು ಸಹಿತ ಆ ಸೂಚನೆಯಲ್ಲಿಯೇ ಅಚ್ಚು ಹಾಕಿಸಬೇಕು. ಬಂದವರಿಂದ ಗುರುತಿನ ಚೀಟಿಯನ್ನು ಕೇಳಕೂಡದು. ಬರುವ ಚಳಿಗಾಲದ ಮೊದಲನೆಯ ಎಚ್ಚರಿಕೆಯಲ್ಲಿ ಈ ವಿವರಗಳನ್ನು ನಾವು ಹುಡುಕುವೆವು.